ಕಮಲನಗರ ಸ್ಟೇಷನ್ನಿನಾಗ ಕುಂತು ಸೋತ ಕುಸ್ತಿ

ಹಂಗಂತ ಗ್ವಾಡಿ ಕಡಿ ಮಾರಿ ಮಾಡ್ಕೊಂಡು ಎಷ್ಟೊತ್ತು ಕುಂದ್ರತಿ, ಪೂಜಾ? ಇಕಡಿ, ಈ ಮುತ್ಯಾನ ಕಡಿ ತಿರುಗು. ಕಾಲು ಅಲುಗಾಡಿಸಬ್ಯಾಡ, ಡಾಕ್ಟರ್ ಹೇಳ್ಯಾರ, ಬರೇ ಮಾರಿ ತಿರುಗಿಸು. ಹ್ಞಾಂ, ಹಿಂಗ. ನೋಡವ್ವ, ವರ್ಷ ಪೂರಾ ಒಬ್ಬಳ ಕೈಯಾಗೂ ನೀ ಸೋಲಲಿಲ್ಲ. ಭಾಲ್ಕ್ಯಾಗ ಗೆದ್ದಿ, ಔರಾದದಾಗ ಗೆದ್ದಿ, ನಮ್ಮ ಬೀದರದಾಗಂತೂ ಕಣ್ಣು ಮುಚ್ಚಿ ತೆಗಿಯೋದ್ರೊಳಗ ಆ ಹುಡುಗಿನ್ನ ಬೆನ್ನು ನೆಲಕ್ಕ ಹಚ್ಚಿ ಚಿತ್ತ ಮಾಡ್ದಿ, ನಾನೇ ಮುಂದ ಕುಂತು ನೋಡೀನಿ, ಸೀಟಿ ಹೊಡಿಲಿಕ್ಕಿ ಹೋದ್ರ ಬಾಯಾಗ ಹಲ್ಲಿಲ್ಲ. ಕಡೀ ಕುಸ್ತಿಗಿ ಬಂದು ಮೊಳಕಾಲು ಕೈ ಕೊಡ್ತು. ನೀ ಸೋತಿಲ್ಲವ್ವ, ನಿನ್ನ ಮೊಳಕಾಲು ಸೋತದ... ಇಲ್ಲ ಇಲ್ಲ, ಹಿಂಗಂದ್ರ ನಿನಗ ಸಿಟ್ಟು ಬರ್ತದ. ಬರಬೇಕು. ನನಗೂ ಬರ್ತಿತ್ತು. ಮಂದಿ ನನಗೂ ಹಿಂಗೇ ಅಂತಿದ್ರು, 'ಬೀರಪ್ಪ, ನೀ ಎಲ್ಲಿ ಸೋತಿಯೋ, ನಿನ್ನ ಹೊಳಿ ಸೋಲಿಸ್ತು'. ಅಂಥ ಮಾತು ಕೇಳಿದಾಗ ಅಂದವರ ದವಡಿಗಿ ಒಂದು ಬಿಡಬೇಕು ಅನ್ಸೋದು. ಯಾವ ಹೊಳಿ ಅಂತೀ? ನಿಮ್ಮಪ್ಪ ಹೇಳಿಲ್ಲೇನು? ಅಂವ ಹ್ಯಾಂಗ ಹೇಳ್ತಾನ, ಅವಗೂ ಅರ್ಧಾ ಗೊತ್ತು. ಮಾಂಜ್ರಾ ಹೊಳಿ ತಂಗಿ, ಮತ್ಯಾವ್ದು.

ಆಗ ನಾವಿಬ್ಬರೂ ಬೀದರ್ ಕಾಲೇಜಿನಾಗ ಇದ್ವಿ, ನಾನು ಮತ್ತ ಗೌತಮ. ಡಿಗ್ರಿ ಕಡೀ ವರ್ಷ. ನಾ ಚಿಂತಾಕಿಂದ ಬಂದವ, ಕುರಿ ಕಾಯೋರ ಮಗ, ಎಷ್ಟು ಸಾಬೂನು ಹಚ್ಚಿದ್ರೂ ಮೈಯಾಗಿನ ಕುರಿ ವಾಸನಿ ಹೋಗ್ತಿರ್ಲಿಲ್ಲ. ಅಂವ ಭಾತಂಬ್ರಾದವ, ಅವರಪ್ಪ ಸಾಲಿ ಮಾಸ್ತರ, ಮನ್ಯಾಗ ಬುದ್ಧನ ಫೋಟೋ, ಗ್ವಾಡಿಗುಂಟ ಪುಸ್ತಕ. ಅಂವ ಓದೋದ್ರಾಗೂ ಮುಂದ, ಕುಸ್ತ್ಯಾಗೂ ಮುಂದ. ನಾ ಓದೋದ್ರಾಗ... ಬಿಡು, ಅದು ಈಗ್ಯಾಕ. ಹಾಸ್ಟೆಲ್ಲಿನಾಗ ಇಬ್ಬರಿಗಿ ಒಂದೇ ಖೋಲಿ. ಮೊದಲ್ನೇ ಸಲ ನಾ ಅವನ್ನ ಚಿಂತಾಕಿಗಿ ಕರ್ಕೊಂಡು ಹೋದಾಗ ಏನಾಯ್ತು ಗೊತ್ತದೇನು, ಅಂವ ಹೊಸ್ತಿಲ ಹೊರಗೇ ನಿಂತ. ಒಳಗ ಬರ್ಲೇ ಇಲ್ಲ. ಹಳ್ಳ್ಯಾಗ ಯಾರು ಯಾರ ಹೊಸ್ತಿಲ ದಾಟಬೇಕು, ಯಾರು ದಾಟಬಾರದು ಅಂಬೋದು ಅವಗ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮವ್ವ ಒಲಿ ಮುಂದಿಂದ ಎದ್ದು ಬಂದ್ಳು, 'ಯಾಕೋ, ನಮ್ಮ ಬಾಗಲ ನಿನಗ ಸಣ್ಣದಾಯ್ತೇನು? ಬಾ ಒಳಗ, ರೊಟ್ಟಿ ಆರಲತ್ತಾವ' ಅಂತ ರಟ್ಟಿ ಹಿಡ್ದು ಎಳ್ಕೊಂಡೇ ಬಂದ್ಳು. ಮುಂದ ಮುಂದ ನನಗಿಂತ ಅವಗೇ ಬೆಣ್ಣಿ ಜಾಸ್ತಿ ಹಾಕ್ತಿದ್ಳು, 'ಅಂವ ತೆಳ್ಳಗ ಹಾನ' ಅಂತ. ತೆಳ್ಳಗ! ಆ ತೆಳ್ಳನವ ಕಾಲಿನ ಹರಡು ಹಿಡ್ದ ಅಂದ್ರ ಮೊಸಳಿ ಹಿಡ್ದಂಗ, ಕಾಲು ಬಿಟ್ಟು ಹೋಗಬೇಕು, ಅಂವ ಬಿಡ್ತಿರ್ಲಿಲ್ಲ.

ನಮಗ ಕಲಿಸಿದವರು ಖಾಸಿಂ ಉಸ್ತಾದರು. ಹಳೀ ಕ್ವಾಟಿಗಿ ಹೋಗೋ ಹಾದ್ಯಾಗ ಅವರ ತಾಲೀಮು, ಅಂದ್ರ ಕುಸ್ತಿ ಮನಿ, ಒಳಗ ಕೆಂಪು ಮಣ್ಣು, ಮ್ಯಾಲ ತಗಡು. ಬೆಳಗಾಗೋದೇ ತಡ ಕೋಲು ಹಿಡ್ಕೊಂಡು ನಿಂದ್ರತಿದ್ರು. ಅರ್ಧಾ ಉರ್ದು ಅರ್ಧಾ ಕನ್ನಡ ಅವರದ್ದು. 'ಅರೇ ಬೀರಪ್ಪಾ, ತಾಕತ್ ಬೈಲ್ ಕೋ ಭೀ ಹೈ! ಎತ್ತಿಗಿನೂ ತಾಕತ್ತು ಅದ! ಎತ್ತು ಕುಸ್ತಿ ಹಿಡೀತದೇನೋ? ಅಕಲ್ ಚಾಹಿಯೇ, ಬುದ್ಧಿ ಬೇಕು, ಬುದ್ಧಿ!' ಅಂತ ಕೋಲು ನೆಲಕ್ಕ ಕುಟ್ತಿದ್ರು. ನಮ್ಮನ್ನ ಒಂದ್ಸಲನೂ ಹೊಡೀಲಿಲ್ಲ, ನೆಲಕ್ಕೇ ಹೊಡೀತಿದ್ರು, ಆ ನೆಲ ಎಷ್ಟು ಪೆಟ್ಟು ತಿಂದದ ಪಾಪ.

ಆ ವರ್ಷ ನಮ್ಮದು ಏನ್ ಕೇಳ್ತಿ. ಭಾಲ್ಕಿ ಕಡೀಲಿಂದ ಒಬ್ಬ ಪೈಲ್ವಾನ ಬಂದಿದ್ದ, ಅವಗ ಕುತ್ತಿಗಿ ಅಂಬೋದೇ ಇಲ್ಲ, ತಲಿ ಮುಗಿದ್ಕೂಡ್ಲೇ ಹೆಗಲ. ಕೈಯಾಗ ಚಾದ ಕಪ್ಪು ಹಿಡ್ಕೊಂಡೇ ಬಂದ, 'ಈ ಕುರಿ ಹುಡುಗನ್ನ ಒಗದು ಬಂದು ಚಾ ಕುಡೀತೀನಿ' ಅಂತ ಕಪ್ಪು ಕಟ್ಟಿ ಮ್ಯಾಗ ಇಟ್ಟ. ಕೈ ಕೂಡಿಸಿದ್ವಿ. ಅಂವ ನೂಕ್ದ, ನಾ ಹಿಂದ ಸರದೆ. ಮತ್ತ ನೂಕ್ದ, ನಾ ಗಪ್ಪನ ಕುಂತು ಅವನ ಬುಡಕ ಹೊಕ್ಕು, ಟಗರು ಎತ್ತಿದಂಗ ಹೆಗಲ ಮ್ಯಾಗ ಎತ್ತಿ ಒಗದೇಬಿಟ್ಟೆ. ಗೌತಮ ಹೋಗಿ ಆ ಕಪ್ಪು ತಂದು ಅವನ ಕೈಯಾಗೇ ಕೊಟ್ಟ, 'ತಗೋರಿ ಅಣ್ಣಾ, ಇನ್ನಾ ಬಿಸಿ ಅದ' ಅಂತ. ನಗಬ್ಯಾಡ, ಖರೇ ಹೇಳ್ತೇನಿ! ಇನ್ನ ಔರಾದದಾಗ ಗೌತಮನ ಎದುರಿನವ ಮೈಗೆಲ್ಲ ಎಣ್ಣಿ ಬಡ್ಕೊಂಡು ಬಂದಿದ್ದ, ಹಿಡ್ದ ಕೈ ಜಾರ್ಲಿ ಅಂತ. ಗೌತಮ ಜಗಳಾಡ್ಲಿಲ್ಲ. ಬಗ್ಗಿ ಮುಷ್ಟಿ ತುಂಬ ಮಣ್ಣು ತಗೊಂಡು ಅವನ ಬೆನ್ನಿಗಿ ತಿಕ್ಕಿದ, ಹಬ್ಬದಾಗ ತಮ್ಮನ ಬೆನ್ನು ತಿಕ್ಕಿದಂಗ ಸಾವಕಾಶ. ಮಂದಿ ಬಿದ್ದು ಬಿದ್ದು ನಕ್ರು. ಆಮ್ಯಾಗ ಚಿತ್ತ ಮಾಡ್ದ. ಅವಂದು ಹಗುರ ವಜನ, ನಂದು ಅವನ ಮ್ಯಾಲಿಂದು, ಹಿಂಗಾಗಿ ನಮ್ಮಿಬ್ಬರ ನಡುವ ಕುಸ್ತಿ ಬರೋ ಹಂಗೇ ಇರ್ಲಿಲ್ಲ. ಇಬ್ಬರೂ ಗೆಲ್ಲಬಹುದಿತ್ತು. ಎಲ್ಲಾರೂ ಅದೇ ಅಂತಿದ್ರು, 'ಈ ವರ್ಷ ಎರಡೂ ಪದಕ ಈ ಖೋಲ್ಯಾಗೇ ಬರ್ತಾವ' ಅಂತ.

ಅದ್ರಾಗ ಏನು, ಯುನಿವರ್ಸಿಟಿಯ ದೊಡ್ಡ ಚಾಂಪಿಯನ್‌ಶಿಪ್ ಆ ವರ್ಷ ನಮ್ಮ ಬೀದರದಾಗೇ. ಮಣ್ಣಿನಾಗಲ್ಲ ಮತ್ತ, ಮ್ಯಾಟಿನ ಮ್ಯಾಗ. ಮ್ಯಾಟು ಅಂದ್ರ ಏನಂತ ನಾವು ಕಣ್ಣಿಲೆ ನೋಡಿರ್ಲಿಲ್ಲ. ಉಸ್ತಾದರು ಏನ್ ಮಾಡಿದ್ರು, ಲಗ್ನಕ್ಕ ಪೆಂಡಾಲ್ ಹಾಕೋರ ಹತ್ರ ಹೋಗಿ ಹಳೀ ಗಾದಿ ಕೇಳ್ಕೊಂಡು ಬಂದ್ರು, ಬೀಗರು ಕುಂದ್ರೋ ಗಾದಿ! ತಾಲೀಮಿನಾಗ ಹಾಸಿದ್ರು. ಅದ್ರ ಮ್ಯಾಗ ನಾವು ಕುಸ್ತಿ ಹಿಡೀತಿದ್ರ ಒಳಗಿಂದ ಅಕ್ಕಿಕಾಳು, ಹೂವಿನ ಪಕಳಿ ಉದುರ್ತಿದ್ವು. ಗೌತಮ ನನ್ನ ಕೆಳಗ ಹಾಕ್ಕೊಂಡು ಕಿವ್ಯಾಗ, 'ಬೀರ್ಯಾ, ನಿನ್ನ ಲಗ್ನ ಇದೇ ಗಾದಿ ಮ್ಯಾಗ ಮಾಡ್ತೇನಿ ನೋಡು' ಅಂತಿದ್ದ. ಅದು... ನಾ ಎಲ್ಲಿದ್ದೆ? ಹ್ಞಾಂ, ಮಳಿ.

ಮಳಿ ಹಿಡೀತು. ಮಹಾಲಯ ಅಮಾಸಿ ಮುಂದಿನ ಮಳಿ, ಬಿಡ್ಲೇ ಒಲ್ದು. ಕುಸ್ತಿ ನಾಡಿದ್ದು ಅಂದಾಗ ಔರಾದ ಸಂತಿಗಿ ಹೋಗಿ ಬಂದ ನಮ್ಮೂರಾಂವ ಒಬ್ಬ ನನ್ನ ಹುಡುಕ್ಕೊಂಡು ತಾಲೀಮಿಗಿ ಬಂದ. 'ಬೀರಪ್ಪ, ನಿಮ್ಮಪ್ಪ ಕೌಠಾ ಹತ್ರ ಹೊಳಿ ದಂಡ್ಯಾಗ ಕುರಿ ತರುಬ್ಯಾನ. ಮೈಯಾಗ ಜ್ವರ. ನಿಮ್ಮಣ್ಣ ಹೆಂಡ್ತಿ ಊರಿಗಿ ಹೋಗ್ಯಾನ. ಒಬ್ಬರೂ ಇಲ್ಲ ನೋಡು' ಅಂದ. ನಾ ಉಸ್ತಾದರ ಮಾರಿ ನೋಡ್ದೆ. ಅವರು ಹೋಗಬ್ಯಾಡ ಅಂತಾರ ಅನ್ಕೊಂಡೆ. ಅವರು, 'ಬಾಪ್ ಹೈ ರೇ. ಜಾ. ಹೋಗಿ ನಿಮ್ಮಪ್ಪನ್ನ ಯಾರ್ದಾರ ಮನ್ಯಾಗ ಮಲಗಿಸಿ, ನಾಳಿ ಮುಂಜಾನಿ ಬಸ್ಸಿಗಿ ಬಾ' ಅಂದ್ರು. ಗೌತಮ ತನ್ನ ಛತ್ರಿ ಕೊಟ್ಟ. ಬಸ್ಸು ಕೌಠಾ ಪೂಲು, ಅಂದ್ರ ಹೊಳಿ ಸೇತುವಿ, ದಾಟೋ ಮುಂದ ನಾ ಖಿಡಕ್ಯಾಗಿಂದ ಬಗ್ಗಿ ನೋಡ್ದೆ, ಹೊಳಿ ತುಂಬಿತ್ತು, ಖರೇ, ಆದ್ರ ಪೂಲಿನ ಬುಡಕ ಇನ್ನಾ ಬೇಕಾದಷ್ಟು ಜಾಗ ಇತ್ತು. ಇತ್ತು ತಂಗಿ. ಆಮ್ಯಾಗ ಎಷ್ಟೋ ವರ್ಷ ಆ ಜಾಗ ಕಣ್ಣಿಗಿ ಬರೋದು ನನಗ.

ಹೋಗಿ ನೋಡ್ತೇನಿ, ಅಪ್ಪ ಕಂಬಳಿ ಹೊದ್ದು ಬೇಲಿ ಮಗ್ಗಲಾಗ ಕುಂತಾನ, ಹಲ್ಲಿಗಿ ಹಲ್ಲು ಹತ್ತಲತ್ತಾವ. ಕುರಿ ಎಲ್ಲಾ ತಗ್ಗಿನಾಗ. ಹೊಳಿ ಒಂದ್ ಕಡಿ, ಹಳ್ಳ ಒಂದ್ ಕಡಿ, ಮ್ಯಾಲ ಹತ್ತೋ ದಂಡಿ ಕೆಸರಾಗಿ ಜಾರ್ತದ, ಕುರಿ ಹತ್ತಲಿಕ್ಕಿ ಒಲ್ಲವು. 'ಯಾಕ್ ಬಂದಿ? ನಿಂದು ಕುಸ್ತಿ ಅದ ಅಂದ್ರಲ್ಲ' ಅಂದ ಅಪ್ಪ. ಹೊತ್ತು ಮುಳುಗೋ ಮೊದಲೇ ನೀರು ಬಂತು ನೋಡು. ಸಪ್ಪಳ ಇಲ್ಲ ಅದಕ್ಕ. ಮಂದಿ ಅನ್ಕೋತಾರ ಹೊಳಿ ಗುಡುಗ್ತಾ ಬರ್ತದ ಅಂತ, ಹಂಗಿಲ್ಲ, ಹುಲ್ಲಿನಾಗ ಸುಮ್ಮನ ಹರ್ಕೊಂಡು ಬರ್ತದ, ನೀ ನೋಡೋದ್ರೊಳಗ ಹಿಂಬಡ ಮುಚ್ಚಿರ್ತದ. ಎಲ್ಲೋ ಮ್ಯಾಲ ಮಹಾರಾಷ್ಟ್ರದಾಗ ಮಳಿ ಭಾಳ ಆಗಿತ್ತಂತ. ನಾ ಅಂಗಿ ತೆಗದು ಒಗದೆ. ಒಂದೊಂದೇ ಕುರಿ ಎತ್ತೋದು, ಹೆಗಲ ಮ್ಯಾಗ ಹಾಕ್ಕೊಳ್ಳೋದು, ಕೆಸರಾಗ ಮೊಳಕಾಲೂರಿ ದಂಡಿ ಹತ್ತೋದು, ಮ್ಯಾಲ ಒಗಿಯೋದು, ಮತ್ತ ಇಳಿಯೋದು. ತೊಯ್ದ ಕುರಿ ಅಂದ್ರ ಕಲ್ಲು ಇದ್ದಂಗ ತಂಗಿ, ಮೈಮ್ಯಾಗಿನ ಕೂದಲೆಲ್ಲ ನೀರು ಕುಡ್ದಿರ್ತದ. ಅವು ಹೆದರಿ ಒದೀತಾವ, ಚೀರ್ತಾವ. ನೀರು ತೊಡಿಗಿ ಬಂತು, ನಡಕ್ಕ ಬಂತು. ಕಡೀಗ ಉಳಿದವು ಕೆಲವು ತಾಯಿ ಕುರಿ, ಅವು ಒಂದಕ್ಕೊಂದು ತಲಿ ಒತ್ತಿ ನಿಂತಿದ್ವು, ಹಂಗೇ ನಿಂತಂಗೇ ಹೋದ್ವು. ನಾ ಒಂದರ ಕಾಲು ಹಿಡ್ದಿದ್ದೆ. ಕೈಯಾಗಿತ್ತು, ಆಮ್ಯಾಗ ಇರ್ಲಿಲ್ಲ. ಅಪ್ಪ ದಂಡಿ ಮ್ಯಾಲ ನಿಂತು ಕುರಿಗಿ ಕರೀಲತ್ತಿದ್ದ, 'ಹುರ್ರೋ ಬಾ, ಹುರ್ರೋ ಬಾ' ಅಂತ, ನೀರಿನಾಗ ಹೋದವಕ್ಕ. ಅಪ್ಪನ್ನ ಬೆನ್ನಿಗಿ ಹಾಕ್ಕೊಂಡು ಕೌಠಾ ಊರ ಕಡಿ ನಡದೆ. ನಮ್ಮಪ್ಪ ಅಷ್ಟು ಹಗುರ ಹಾನ ಅಂತ ನನಗ ಅವತ್ತೇ ಗೊತ್ತಾಗಿದ್ದು.

ಮರುದಿನ ಮುಂಜಾನಿ ಪೂಲಿಗಿ ಬಂದ್ರ ಪೂಲೇ ಇಲ್ಲ. ಅಂದ್ರ ಇತ್ತು, ನೀರಿನ ಬುಡಕ ಇತ್ತು. ಈಚಿ ದಂಡ್ಯಾಗ ಬಸ್ಸು, ಆಚಿ ದಂಡ್ಯಾಗ ಬಸ್ಸು, ನಡುವ ಕೆಂಪು ನೀರು, ಗಿಡದ ಬೊಡ್ಡಿ ತೇಲಲತ್ತಾವ. ಆಚಿ ಮಂದಿ ಕಾಣ್ತಾರ, ಕೂಗಿದ್ರ ಕೇಳಂಗಿಲ್ಲ. ನಾ ಪ್ಯಾಂಟು ಮಡಚಿದೆ. ನನಗ ಈಜು ಬರ್ತಿತ್ತು. ಹತ್ತು ಮಂದಿ ಕೂಗಿದ್ರು, ನಾ ಕೇಳ್ಲಿಲ್ಲ. ಆಗ ಹಿಂದಿಂದ ಅಪ್ಪ ಬಂದ, ಜ್ವರದಾಗ ಕೋಲು ಊರ್ಕೊಂಡು ಅಷ್ಟು ದೂರ ನಡ್ಕೊಂಡು ಬಂದಿದ್ದ. ಕೈ ಹಿಡೀಲಿಲ್ಲ, ಬೈಲಿಲ್ಲ. 'ನೀ ಪೈಲ್ವಾನ ಹಿದಿ, ಖರೇ' ಅಂದ. 'ಹೊಳಿಗಿ ಅದು ಹ್ಯಾಂಗ ಗೊತ್ತಾಗಬೇಕು?' ಅಷ್ಟೇ ಅಂದ. ನಾ ನೀರಿನಾಗಿಂದ ಕಾಲು ತೆಗದೆ.

ಹಂಗಂತ ಸುಮ್ಮನ ಕುಂತೆ ಅನ್ಕೊಂಡಿಯೇನು? ರಸ್ತಾ ಇಲ್ಲಂದ್ರ ರೈಲು ಅದಲ್ಲ! ಕಮಲನಗರಕ್ಕ ಹೋದ್ರ ಗಾಡಿ ಸಿಗ್ತದ, ಅದು ಭಾಲ್ಕಿ ಮ್ಯಾಲಿಂದ ಬೀದರಕ್ಕೇ ಹೋಗ್ತದ. ಅಪ್ಪನ್ನೂ ಉಳಿದ ಕುರಿನೂ ಊರಾಗ ಒಬ್ಬರ ಮನ್ಯಾಗ ಬಿಟ್ಟೆ, ಔರಾದ ತನಕ ನಡದೆ, ಅಲ್ಲಿಂದ ಹೆಸರುಕಾಳು ಚೀಲದ ಲಾರಿ ಒಂದು ಕಮಲನಗರದ ಅಡತಿ ಅಂಗಡಿಗಿ ಹೊಂಟಿತ್ತು, ಚೀಲದ ಮ್ಯಾಗ ಕುಂತು ಹೋದೆ. ಸ್ಟೇಷನ್ನಿಗಿ ಓಡಿದ್ರ ಪ್ಲಾಟ್‌ಫಾರ್ಮ್ ತುಂಬ ಮಂದಿ, ಗಂಟು ಮೂಟಿ, ಕೋಳಿ ಬುಟ್ಟಿ. ಸ್ಟೇಷನ್ ಮಾಸ್ತರ ಮರಾಠಿ ಮಾತಾಡೋ ಮನುಷ್ಯ, ವಯಸ್ಸಾದವ. 'ಗಾಡಿ ನಾಹಿ ಬಾಳಾ, ಗಾಡಿ ಇಲ್ಲಪ್ಪ' ಅಂದ. 'ಮುಂದ ಹಳಿ ಬುಡಕಿನ ಮಣ್ಣು ಕೊಚ್ಚಿ ಹೋಗೇದ, ಹಳಿ ಗಾಳ್ಯಾಗ ನಿಂತದ. ಸರಿ ಮಾಡ್ಲತ್ತಾರ. ಆದಾಗ ಬಿಡ್ತಾರ.' 'ಎಂದ ಆಗ್ತದ್ರಿ?' 'ಅದು ನನಗ ಹ್ಯಾಂಗ ಗೊತ್ತಾಗಬೇಕೋ? ಮಳಿ ನಿಂತ್ರ ಆಗ್ತದ.' ಇಂದ ಬಿಡ್ತದ, ಈಗ ಬಿಡ್ತದ ಅಂತ ಕುಂತೆ. ಬಿಡ್ಲಿಲ್ಲ.

ಕುಸ್ತಿ ದಿನ ಬೆಳಗಾಯ್ತು. ನಾ ಅದೇ ಬೆಂಚಿನ ಮ್ಯಾಗ. ಮಾಸ್ತರನ ಹತ್ರ ಹೋಗಿ ಕೈ ಮುಗದೆ, 'ಸಾಹೇಬ್ರ, ನಿಮ್ಮ ಫೋನಿನಾಗ ಬೀದರಕ್ಕ ಒಂದು ಮಾತು ಮುಟ್ಟಿಸ್ರಿ, ನಮ್ಮ ಉಸ್ತಾದರಿಗಿ. ಬೀರಪ್ಪ ಕಮಲನಗರದಾಗ ಹಾನ, ಗಾಡಿ ಬಿಟ್ರ ಬರ್ತಾನ, ಅಷ್ಟೇ ಹೇಳ್ರಿ.' ಒಳ್ಳೇ ಮನುಷ್ಯ ಅಂವ, ಹಿಡಿ ತಿರುವಿ ತಿರುವಿ ಹಚ್ಚಿದ, ಮಳ್ಯಾಗ ಆ ಲೈನು ಕರಕರ ಕರಕರ ಅಂತದ, ಒಂದು ಮಾತಿಗಿ ಹತ್ತು ಸಲ 'ಹಲೋ' ಅಂದ. ಭಾಲ್ಕ್ಯಾಗ ಕೇಳಿದವ ಬೀದರಕ್ಕ ಹೇಳ್ದ, ಬೀದರ್ ಸ್ಟೇಷನ್ನಿನಾಗ ಕೇಳಿದವ ಒಬ್ಬ ಚಾ ಮಾರೋನ್ನ ಕುಸ್ತಿ ನಡೆಯೋ ಜಾಗಾಕ್ಕ ಓಡಿಸ್ದ. ಎಲ್ಲಾರೂ ಭಲೇ ಮಂದಿ ತಂಗಿ, ಎಲ್ಲಾರೂ ನನ್ನ ಸಲುವಾಗಿ ಓಡ್ಯಾರ. ಆದ್ರ ಎಲ್ಲಿ ಯಾರ ಬಾಯಾಗ ತಿರುಗ್ತೋ, ಅಲ್ಲಿ ಉಸ್ತಾದರಿಗಿ ಮುಟ್ಟಿದ ಮಾತು ಏನು ಗೊತ್ತೇನು? 'ಗಾಡಿ ಬಿಟ್ಟದ, ಬರ್ತಾನ.' ನಾ ಅಂದಿದ್ದು ಗಾಡಿ ಬಿಟ್ರ. ಬಿಟ್ರ. ಅಲ್ಲಿ ಮುಟ್ಟಿದ್ದು ಬಿಟ್ಟದ. ಒಂದು ಅಕ್ಷರ ನೋಡು.

ಇಲ್ಲಿ ನನಗ ಅದು ಗೊತ್ತಿಲ್ಲ. ನಾ ಅನ್ಕೊಂಡೆ ಅವರಿಗಿ ಗೊತ್ತಾಗೇದ, ನಾ ಸಿಕ್ಕೊಂಡೀನಿ ಅಂತ. ಸ್ಟೇಷನ್ನಿನ ಗಡಿಯಾರ ನೋಡೋದು, ಈಗ ವಜನ ನೋಡ್ತಿರ್ತಾರ. ಈಗ ಹೆಸರು ಕರೀತಿರ್ತಾರ. ಈಗ ನಂದು ಮೊದಲ್ನೇ ಕುಸ್ತಿ. ಕುಂದ್ರಲಿಕ್ಕಿ ಆಗ್ಲಿಲ್ಲ, ಎದ್ದು ಪ್ಲಾಟ್‌ಫಾರ್ಮಿನ ತುದ್ಯಾಗ ಬಸ್ಕಿ ಹೊಡೀಲತ್ತೆ. ಯಾಕ ಹೊಡದೆ, ಯಾರಿಗಿ ಹೊಡದೆ? ಮೈ ಕೇಳ್ತಿರ್ಲಿಲ್ಲ. ಮಂದಿ ನಗಲತ್ರು, 'ಹುಚ್ಚ ಹಾನೇನ್ರಿ ಈ ಹುಡುಗ' ಅಂತ. ಒಬ್ಬ ಮುದುಕಿ, ಹಸರು ಸೀರಿ, ಮಗಳ ಊರಿಗಿ ಹೊಂಟಾಕಿ, ಎದ್ದು ಬಂದು ನನ್ನ ಹೆಗಲ ಮ್ಯಾಗ ಕೈ ಇಟ್ಟಳು, 'ಯಾರು ಸತ್ತಾರಪ್ಪ?' ಅಂತ ಕೇಳಿದ್ಳು. ಯಾರೂ ಸತ್ತಿಲ್ಲಮ್ಮ ಅಂದೆ. 'ಮತ್ಯಾಕ ಅಳಲತ್ತಿ?' ಅಂದ್ಳು. ನಾ ಅಳಲತ್ತೀನಿ ಅಂತ ನನಗ ಗೊತ್ತೇ ಇರ್ಲಿಲ್ಲ. ಬೆವರು ಅನ್ಕೊಂಡಿದ್ದೆ. ನನ್ನ ಕುಂದ್ರಿಸಿ ಅಕಿ ಮಗಳಿಗಿ ಒಯ್ಲತ್ತಿದ್ದ ಶೇಂಗಾ ಹೋಳಗಿ ಒಂದು ಮುರದು ಕೈಯಾಗ ಇಟ್ಟಳು. ಕೈಯಾಗ ಹಿಡ್ಕೊಂಡು ಕುಂತೆ. ಈ ರಟ್ಟಿ ನೋಡು, ಈಗ ಜೋತು ಬಿದ್ದದ, ಆಗ ಇದಕ್ಕ ಮೂರು ಜಿಲ್ಲಾದಾಗ ಎದುರು ಇರ್ಲಿಲ್ಲ. ಅದನ್ನ ಕಟ್ಕೊಂಡು ಏನ್ ಮಾಡ್ಲಿ? ಹಳಿ ಎತ್ತಿ ಇಡಲಾ? ಮಳಿ ಹಿಡ್ದು ನಿಂದ್ರಸ್ಲಾ? ಹೊತ್ತು ಹಂಗೇ ಹೋಯ್ತು.

ಮರುದಿನ ಗಾಡಿ ಬಿಟ್ತು. ಬೀದರದಾಗ ಇಳದು ಸೀದಾ ತಾಲೀಮಿಗಿ ಹೋದೆ. ಉಸ್ತಾದರು ಒಬ್ಬರೇ ಕುಂತಿದ್ರು, ಕೋಲು ಮಗ್ಗಲಾಗ ಬಿದ್ದಿತ್ತು. ನನ್ನ ನೋಡಿ ಎದ್ದು ಬಂದು ಮೈ ಕೈ ಮುಟ್ಟಿ ನೋಡಿದ್ರು, 'ಜಿಂದಾ ಹೈ ನಾ? ಬದುಕಿದಿಯಲ್ಲ?' ಅಂದ್ರು. ಗಾಡಿ ಬಿಟ್ಟದ ಅಂತ ಕೇಳಿ, ಆ ಮ್ಯಾಲ ಬರ್ಲೂ ಇಲ್ಲ ಅಂದ್ಮ್ಯಾಲ, ಗಾಡಿಯೇ ಹೊಳ್ಯಾಗ ಬಿತ್ತೋ ಏನೋ ಅಂತ ಅವರು ಕಂಗಾಲಾಗಿದ್ರು. ಮುಂಜಾನಿ ಆ ಮಾತು ಬಂದಾಗ ಹೋಗಿ ವಜನ ನೋಡೋರ ಕಾಲಿಗಿ ಬಿದ್ದಿದ್ರಂತ ತಂಗಿ, ಆ ವಯಸ್ಸಿನಾಗ. 'ಮೇರಾ ಬಚ್ಚಾ ಆರಹಾ ಹೈ ಸಾಬ್, ಗಾಡ್ಯಾಗ ಹಾನ, ಬರ್ತಾನ, ಒಂದು ತಾಸು ತಡೀರಿ' ಅಂತ. ಪಾಪ, ಅವರೂ ತಡದ್ರಂತ. ಆಮ್ಯಾಗ ಏನ್ ಮಾಡ್ತಾರ, ಮಂದಿ ಕಾಯಲತ್ತದ, ನನ್ನ ಹೆಸರು ಮೂರು ಸಲ ಕರದು ಹೊಡದು ಹಾಕಿದ್ರು.

'ಗೌತಮ?' ಅಂದೆ. ಉಸ್ತಾದರು ನೆಲ ನೋಡಿದ್ರು. 'ಫೈನಲ್ ತನಕ ಹೋದ. ಎದುರಿನವಗ ಇಂವ ಎಂದೋ ಸೋಲಿಸ್ಯಾನ. ಮುಂದಿದ್ದ, ಗೆಲ್ಲವನಿದ್ದ. ಗೊತ್ತಿಲ್ಲ ಬೇಟೇ. ಏನಾಯ್ತೋ, ಅಲ್ಲಾಹ್‌ಗೇ ಗೊತ್ತು. ಒಂದು ಘಳಿಗಿ ಕೈ ಸಡ್ಲ ಆಯ್ತು, ಆ ಹುಡುಗ ಹೊಕ್ಕ, ಇಂವ ಚಿತ್ತ ಬಿದ್ದ.' ನಾ ಹಾಸ್ಟೆಲ್ಲಿಗಿ ಓಡ್ದೆ. ಗೌತಮ ಖೋಲ್ಯಾಗ ಬಟ್ಟಿ ಮಡಚಲತ್ತಿದ್ದ. ನನ್ನ ನೋಡಿ 'ನಿಮ್ಮಪ್ಪ ಹ್ಯಾಂಗ ಹಾರ?' ಅಂದ. ಮೊದಲ್ನೇ ಮಾತು ಅದು. ಅರಾಮ ಹಾನ ಅಂದೆ. 'ಕುರಿ?' 'ಕೆಲವು ಹೋದ್ವು.' ಇನ್ನೊಂದು ಅಂಗಿ ತಗೊಂಡ. ನಾನೇ ಕೇಳ್ದೆ, 'ಏನಾಯ್ತೋ ಗೌತಮ?' 'ಏನಿಲ್ಲೋ. ಕಾಲು ಜಾರ್ತು.' ಮ್ಯಾಟಿನ ಮ್ಯಾಗ ಗೌತಮನ ಕಾಲು ಜಾರೋದು! ನನಗ ನಂಬಿಕಿ ಬರ್ಲಿಲ್ಲ. ಆದ್ರ ಅಂವ ಅಂಗಿ ಮಡಚೋದು ನಿಲ್ಲಿಸ್ಲಿಲ್ಲ, ನಾ ಮತ್ತ ಕೇಳ್ಲಿಲ್ಲ.

ಅಲ್ಲಿಗಿ ಮುಗೀತು. ಡಿಗ್ರಿ ಮುಗೀತು ಅಂದ್ರ ಕಾಲೇಜಿನ ಕುಸ್ತಿನೂ ಮುಗೀತಲ್ಲ, ಮುಂದಿನ ವರ್ಷ ಅಂಬೋದು ನಮಗ ಇರ್ಲಿಲ್ಲ. ನಿನಗ ಅದ, ಅದನ್ನ ಹೇಳಿದ್ರ ನೀ ಸಿಟ್ಟಾಗ್ತಿ, ಬಿಡು. ಆಟಗಾರರಿಗಿ ಅಂತ ಒಂದು ಸರ್ಕಾರಿ ನೌಕರಿ ಕರದಿದ್ರು, ಹೋದೆ. ಅಲ್ಲಿದ್ದವರು ಮರ್ಯಾದಿಯಿಂದ ಕುಂದ್ರಿಸಿ ಕೇಳಿದ್ರು, 'ಚಾಂಪಿಯನ್ ಹಿದೀರೇನು?' 'ಇಲ್ರಿ, ಆದ್ರ ಆ ವರ್ಷ ಒಂದು ಕುಸ್ತಿನೂ ಸೋತಿಲ್ರಿ.' 'ಮತ್ತ ಯುನಿವರ್ಸಿಟಿ ಕುಸ್ತಿ?' 'ಹೊಳಿ ಬಂದಿತ್ರಿ.' ಒಬ್ಬರ ಮಾರಿ ಒಬ್ಬರು ನೋಡಿದ್ರು. ನಕ್ಕಿದ್ರ ಛಲೋ ಇತ್ತು, ನಗ್ಲಿಲ್ಲ, ಪಾಪ ಅಂದ್ರು. ಆ ಪಾಪ ಅನ್ನೋದು ಭಾಳ ಕೆಟ್ಟದ್ದು ತಂಗಿ. ಮುಂದ ಔರಾದದಾಗ ಸಾಲಿ ಡ್ರಿಲ್ ಮಾಸ್ತರ ಆದೆ, ಅದು ನಿನಗ ಗೊತ್ತದ. ಗೌತಮನೂ ಅವರಪ್ಪನಂಗ ಮಾಸ್ತರನೇ ಆದ, ಭಾಲ್ಕ್ಯಾಗ. ಹಬ್ಬಕ್ಕ ಹುಣ್ಣಿಮಿಗಿ ಹೋಗೋದು ಬರೋದು, ಮಕ್ಕಳು, ಮನಿ, ಎಲ್ಲಾ ಮಾತಾಡ್ತಿದ್ವಿ. ಆ ದಿನದ್ದು ಮಾತ್ರ ಒಬ್ಬರೂ ತೆಗೀತಿರ್ಲಿಲ್ಲ.

ತೆಗದಿದ್ದು ಅವನ ಮಗಳ ಲಗ್ನದಾಗ. ಭಾತಂಬ್ರಾದಾಗ ವಿಹಾರದ ಮುಂದ ಪೆಂಡಾಲ್, ಹುಡುಗ ಹುಡುಗಿ ಬಿಳೀ ಬಟ್ಟಿ ಹಾಕ್ಕೊಂಡು ಬುದ್ಧನ ಮುಂದ ಮೇಣಬತ್ತಿ ಹಚ್ಚಿದ್ರು, ಊಟ ಆಯ್ತು, ಬೀಗರು ಹೊಂಟ್ರು. ಮಗಳನ್ನ ಕಳಿಸಿ ಗೌತಮ ಬಂದು ನನ್ನ ಮಗ್ಗಲಾಗ ಕುಂತ. ಕಣ್ಣು ಕೆಂಪಗಿತ್ತು. ಮಗಳ ಮಾತೇನೋ ಆಡ್ತಾನ ಅನ್ಕೊಂಡೆ. ಅಂವ, 'ಬೀರ್ಯಾ, ಅವತ್ತು ಕಾಲು ಜಾರಿರ್ಲಿಲ್ಲ' ಅಂದ. 'ಬಾಗಲ್ದಾಗ ಗದ್ಲ ಆಯ್ತೋ. ಯಾರೋ ಬಂದ ಬಂದ ಅಂತ ಕೂಗಿದ್ರು. ಯಾರಿಗಂದ್ರೋ ಏನೋ. ಮುಂಜಾನಿಂದ ನೀ ಬರ್ತಿ ಬರ್ತಿ ಅಂತ ಕಿವ್ಯಾಗ ಅದೇ ಇತ್ತಲ್ಲ. ನೀ ಬಂದಿ ಅನ್ಕೊಂಡೆ. ತಿರುಗಿ ನೋಡ್ದೆ. ಅಷ್ಟೇ, ನೋಡಿದ್ದಷ್ಟೇ.'

ನಾ ಹೇಳಿ ಕಳಿಸಿದ ಮಾತು ಅದು. ಕಳಿಸದೇ ಇದ್ದಿದ್ರ ಅಂವ ತಿರುಗಿ ನೋಡ್ತಿರ್ಲಿಲ್ಲ. ಯಾರ ತಪ್ಪದು? ನನ್ನದಾ? ಆ ಸ್ಟೇಷನ್ ಮಾಸ್ತರಂದಾ? ಮಳ್ಯಾಗ ಓಡಿ ಹೋಗಿ ಮಾತು ಮುಟ್ಟಿಸಿದ ಚಾದವಂದಾ? ತಿರುಗಿ ತಿರುಗಿ ಹುಡುಕೀನಿ, ಯಾರ ಕೊರಳಪಟ್ಟಿ ಹಿಡೀಬೇಕು ಸಿಗಂಗಿಲ್ಲ. ಸಿಕ್ಕಿದ್ರ ಅರಾಮ ಇತ್ತು, ಒಂದು ಹೊಡದು ಹಗುರಾಗ್ತಿದ್ದೆ. 'ಯಾಕ ಇಷ್ಟು ವರ್ಷ ಹೇಳ್ಲಿಲ್ಲೋ?' ಅಂದೆ. 'ಹೇಳಿದ್ರ ನೀ ಏನ್ ಮಾಡ್ತಿದ್ದಿ?' ಅಂದ. ಖರೇ. ಏನ್ ಮಾಡ್ತಿದ್ದೆ? ಪೆಂಡಾಲಿನವರು ಗಾದಿ ಸುತ್ತಲತ್ತಿದ್ರು, 'ಏಳ್ರಿ ಮಾಸ್ತರ, ಇದೊಂದು ಉಳದದ' ಅಂದ್ರು. ಇಬ್ಬರೂ ಒಬ್ಬರ ಹೆಗಲ ಒಬ್ಬರು ಹಿಡ್ಕೊಂಡು ಎದ್ವಿ, ಮೊಳಕಾಲು ಕಟಕಟ ಅಂದ್ವು, ಅಂವ ನಕ್ಕ, ನಾನೂ ನಕ್ಕೆ. ಆಮ್ಯಾಗ ಅಂವ ಭಾಳ ದಿನ ಇರ್ಲಿಲ್ಲ. ದವಾಖಾನಿಗಿ ನಾ ದಿನಾ ಹೋಗ್ತಿದ್ದೆ, ಕಾಲು ಒತ್ತುತಾ ಕುಂದ್ರತಿದ್ದೆ. ಅದು ಬಿಟ್ರ ಅಲ್ಲೂ ನನ್ನ ಕೈಲಿ ಏನೂ ಆಗ್ಲಿಲ್ಲ.

ಏನು? ಮತ್ತ ಇದನ್ನೆಲ್ಲಾ ನನಗ್ಯಾಕ ಹೇಳ್ದಿ ಮುತ್ಯಾ ಅಂತೀಯೇನು? ಹಂಗ ಕೇಳು. ನಂಗೂ ಗೊತ್ತಿಲ್ಲವ್ವ. ನಿನ್ನ ಮೊಳಕಾಲು ನನ್ನ ಕೈಲಿ ಸರಿ ಆಗಂಗಿಲ್ಲ, ಮುಂದಿನ ವರ್ಷ ನೀ ಗೆಲ್ತಿ ಅಂತ ಹೇಳಿದ್ರ ಅದು ಸುಳ್ಳೋ ಖರೇನೋ ನನಗ ಮಾಲೂಮಿಲ್ಲ. ಸುಮ್ಮನ ನೋಡ್ಕೋತ ಕುಂದ್ರಲಿಕ್ಕಿ ಆಗ್ಲಿಲ್ಲ, ಹೇಳ್ದೆ. ಆದ್ರ ಒಂದು ಮಾತು, ಇಷ್ಟು ವಯಸ್ಸಾದ್ಮ್ಯಾಲ ಇದೊಂದು ಬರಾಬರಿ ಗೊತ್ತದ ನನಗ. ಗೆದ್ದವರ ಮನ್ಯಾಗೂ ಮುಂಜಾನಿ ಎದ್ದು ಕಸ ಹೊಡೀಬೇಕು, ಸೋತವರ ಮನ್ಯಾಗೂ ಹೊಡೀಬೇಕು. ತಡಿ, ನೀರು ಇಲ್ಲೇ ತರ್ತೇನಿ, ಮಾರಿ ತೊಳ್ಕೋ, ಕೂದಲಾ ನೋಡು ಹ್ಯಾಂಗಾಗ್ಯಾವ.